ಒಂಬತ್ತೇ ದಿನಕ್ಕೆ ವಿಂಡೋಸ್‌ಗೆ ವಾಪಸ್ ಬಂದೆವು

ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಕೋಣೆಯ ಕಂಪ್ಯೂಟರ್ ಪರದೆ ಮೇಲೆ ಒಂದು ಸೂಚನೆ ಬರತೊಡಗಿತು. ವಿಂಡೋಸ್ 10ಕ್ಕೆ ಇನ್ನು ಮುಂದೆ ಬೆಂಬಲ ಇಲ್ಲ, ಹೊಸದಕ್ಕೆ ಹೋಗಿ ಎಂದು. ಕೆಳಗೆ ಎರಡು ಬಟನ್. ನಾವು ದಿನಾ 'ಆಮೇಲೆ ನೆನಪಿಸಿ' ಅನ್ನುವುದನ್ನೇ ಒತ್ತುತ್ತಿದ್ದೆವು. ಸೊಸೈಟಿ ಸಾಲದ ನೋಟಿಸನ್ನು ಮಡಚಿ ತೊಲೆಗೆ ಸಿಕ್ಕಿಸುತ್ತೇವಲ್ಲ, ಹಾಗೆ.

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಾವಿಬ್ಬರು ಬಿಡಿ ಸುದ್ದಿಗಾರರು. ಬೇರೆ ಬೇರೆ ಪತ್ರಿಕೆಗೆ ಬರೆಯುತ್ತೇವೆ. ಬಸ್‌ಸ್ಟ್ಯಾಂಡ್ ಹಿಂದಿನ ಕೋಣೆಯ ಬಾಡಿಗೆಯಲ್ಲಿ ಅರ್ಧರ್ಧ, ಒಳಗಿರುವ ಒಂದು ಕಂಪ್ಯೂಟರ್‌ನಲ್ಲೂ ಅರ್ಧರ್ಧ. ಅದು ಸೆಕೆಂಡ್‌ಹ್ಯಾಂಡ್ ಯಂತ್ರ. ಅದರ ಪ್ರೊಸೆಸರ್ ಇಂಟೆಲ್‌ನ 6ನೇ ತಲೆಮಾರಿನದು. ವಿಂಡೋಸ್ 11 ಕೇಳುವುದು 8ನೇ ತಲೆಮಾರು ಅಥವಾ ಅದರ ಈಚಿನದನ್ನು. ಅಂದರೆ ಯಂತ್ರ ಚೆನ್ನಾಗಿ ಓಡುತ್ತಿದ್ದರೂ ಹೊಸ ವಿಂಡೋಸ್‌ಗೆ ಅದು ಬೇಡವಾಗಿತ್ತು. ಅಂಗಡಿಯವರು ಹೊಸದಕ್ಕೆ ನಲವತ್ತು ಸಾವಿರ ಎಂದರು. ವರದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ಎಣಿಸಿಕೊಳ್ಳುವ ನಮಗೆ ಅದು ಸಣ್ಣ ಮಾತಲ್ಲ.

ಒಂದು ವಿಷಯ ಸ್ಪಷ್ಟಪಡಿಸಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಇರುವ ಯಂತ್ರಗಳೇನೂ ನಿಂತು ಹೋಗಲಿಲ್ಲ. ಅವತ್ತಿಂದ ನಿಂತದ್ದು ಮಾಮೂಲಿ ಭದ್ರತಾ ಅಪ್‌ಡೇಟ್. ಮನೆಬಳಕೆಯವರಿಗೆ ಇನ್ನೊಂದು ವರ್ಷ ಅಪ್‌ಡೇಟ್ ಪಡೆಯುವ ದಾರಿಯನ್ನು ಕಂಪನಿ ಇಟ್ಟಿದೆ. ಅದಾದ ಮೇಲೆ ಯಂತ್ರ ಓಡುತ್ತದೆ, ಆದರೆ ಬಾಗಿಲಿನ ಚಿಲಕ ಸಡಿಲವಾದರೆ ಬಿಗಿ ಮಾಡುವವರು ಇರುವುದಿಲ್ಲ.

ಆಗ ನಮ್ಮ ಜೊತೆಗಾರನ ಅಳಿಯ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ, ದೀಪಾವಳಿ ಮುಗಿದ ಮೇಲೊಂದು ಭಾನುವಾರ ಬಂದ. 'ಮಾಮಾ, ಲಿನಕ್ಸ್ ಹಾಕ್ರಿ. ಪುಕ್ಕಟೆ. ಈ ಯಂತ್ರಕ್ಕ ಇನ್ನೂ ಐದು ವರ್ಷ ಆಯುಷ್ಯ ಐತಿ' ಎಂದ. ಜೇಬಿನಿಂದ ಪೆನ್‌ಡ್ರೈವ್ ತೆಗೆದ.

ಲಿನಕ್ಸ್ ಅಂದರೆ ಏನು ಎಂದು ನಮಗೆ ಅಷ್ಟೋ ಇಷ್ಟೋ ಗೊತ್ತಿತ್ತು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು, ಆಮೇಲೆ ಲೋಕದ ನಾನಾ ಕಡೆಯವರು ಸೇರಿ ಬೆಳೆಸಿದ್ದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು, ಬದಲಿಸಬಹುದು. ಹುಡುಗ ತಂದದ್ದು ಅದರಲ್ಲೊಂದು ಬಗೆ, ಲಿನಕ್ಸ್ ಮಿಂಟ್.

ಹಳೇ ಫೈಲ್‌ಗಳನ್ನೆಲ್ಲ ಒಂದು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಂಡೆವು. ಚಹಾ ಕುಡಿದು ಬರುವಷ್ಟರಲ್ಲಿ ಮಿಂಟ್ ಕುಳಿತಿತ್ತು. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ಫೈರ್‌ಫಾಕ್ಸ್ ಇತ್ತು, ಮೇಲ್ ತೆರೆಯಿತು, ವಾಟ್ಸಾಪ್ ವೆಬ್ ತೆರೆಯಿತು, ಪ್ರಿಂಟರ್ ತಾನೇ ಗುರುತಿಸಿಕೊಂಡಿತು. ವಿಂಡೋಸ್‌ಗೆ ಏಳಲು ಮೂರು ನಿಮಿಷ ಬೇಕಾಗುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಎದ್ದಿತು. ಇಷ್ಟು ದಿನ ಇದಕ್ಕಾ ಹೆದರಿದ್ದು ಎಂದು ನಗಾಡಿದೆವು.

ಮೊದಲ ತೊಡಕು ಸೋಮವಾರ ಬೆಳಿಗ್ಗೆ ಕಾಣಿಸಿತು. ಹಳೆಯದೊಂದು ವರದಿ ಬೇಕಿತ್ತು. ತೆರೆದರೆ ಅದರಲ್ಲಿ ಕನ್ನಡವೇ ಇಲ್ಲ! ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಎಳೆದ ಎ, ನಡುನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಡಿಟಿಪಿ ಅಂಗಡಿಗೆ ಹೋದವರು ಒಮ್ಮೆಯಾದರೂ ಈ ವೇಷ ನೋಡಿರುತ್ತೀರಿ.

ಇದರ ಕಾರಣ ಹೇಳುತ್ತೇವೆ, ಯಾಕೆಂದರೆ ನಮ್ಮ ಕಥೆಯ ಗಂಟು ಇರುವುದು ಇಲ್ಲೇ. ನಮ್ಮಲ್ಲಿ ಕಂಪ್ಯೂಟರ್ ಹರಡಿದ ಕಾಲಕ್ಕೆ ಅದಕ್ಕೆ ಸಲೀಸಾಗಿ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ. ಅದಕ್ಕೇ ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನೇ ಇಟ್ಟುಕೊಂಡು ಅದರ ಚಿತ್ರ ಮಾತ್ರ ಬದಲಿಸಿದರು. ಒಳಗೆ ಇರುವುದು ಪಿ ಅಕ್ಷರದ ಸಂಖ್ಯೆ, ಫಾಂಟ್ ಅದನ್ನು ತೋರಿಸುವುದು 'ಕ'ದ ತುಂಡಾಗಿ. ಪೌಂಡ್ ಚಿಹ್ನೆಯನ್ನು 'ನ'ದ ತುಂಡಾಗಿ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ವೇಷ. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟ್‌ಗಳು ಕೆಲಸ ಮಾಡಿದ್ದು ಹೀಗೆ. ಅವನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವು ಇಲ್ಲದಿದ್ದರೆ ನಾವು ಕಂಪ್ಯೂಟರ್‌ನಲ್ಲಿ ಕನ್ನಡ ಬರೆಯುವುದನ್ನೇ ಕಲಿಯುತ್ತಿರಲಿಲ್ಲ. ಕೆ.ಪಿ.ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದ ಮೇಲೇ ನಮ್ಮ ಬೆರಳು ಓಡುವುದು. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಾವು ಮೊದಲು ಕಲಿತದ್ದು ಸುದ್ದಿ ಬರೆಯುವುದನ್ನಲ್ಲ, ನುಡಿಯಲ್ಲಿ ಟೈಪ್ ಮಾಡುವುದನ್ನು.

ಆಮೇಲೆ ಯೂನಿಕೋಡ್ ಬಂತು. ಅದರಲ್ಲಿ 'ಕ'ಕ್ಕೆ ಅದರದೇ ಸಂಖ್ಯೆ. ಯಾವ ಯಂತ್ರದಲ್ಲಿ ತೆರೆದರೂ 'ಕ' 'ಕ'ವೇ. ನಿಮ್ಮ ಫೋನಿನಲ್ಲಿ ಈಗ ನೀವು ಓದುತ್ತಿರುವುದು ಅದೇ. ನುಡಿಯ ಹೊಸ ಆವೃತ್ತಿಯಲ್ಲೂ ಯೂನಿಕೋಡ್ ಇದೆ. ಆದರೆ ಊರಿನ ಡಿಟಿಪಿ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಸಣ್ಣ ಪತ್ರಿಕೆಗಳು ಎಷ್ಟೋ ಕಡೆ ಇನ್ನೂ ಹಳೇ ಫಾಂಟ್‌ನಲ್ಲೇ ಇವೆ. ಯಾಕೆಂದರೆ ಅಲ್ಲಿ ಪುಟ ಕಟ್ಟುವುದು ಪೇಜ್‌ಮೇಕರ್‌ನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಆಮೇಲೆ ಹೊಸ ಆವೃತ್ತಿಯೇ ಬರಲಿಲ್ಲ. ಅದಕ್ಕೆ ಯೂನಿಕೋಡ್ ಕನ್ನಡ ಅರ್ಥವಾಗುವುದಿಲ್ಲ.

ಹುಡುಗನಿಗೆ ಫೋನ್ ಮಾಡಿದೆವು. ಹಳೇ ಫಾಂಟ್‌ಗಳನ್ನು ಲಿನಕ್ಸ್‌ಗೆ ಹಾಕುವುದು ಹೇಗೆಂದು ಹೇಳಿಕೊಟ್ಟ. ಹಾಕಿದ ಮೇಲೆ ಹಳೇ ವರದಿ ಕನ್ನಡವಾಗಿ ಕಂಡಿತು, ನಿಟ್ಟುಸಿರು ಬಿಟ್ಟೆವು. ಆದರೆ ಹಾಗೆ ಬರೆಯಲು ಬರುವುದಿಲ್ಲ, ಓದಬಹುದು ಅಷ್ಟೇ. ಬೆರಳು ಒತ್ತಿದ್ದನ್ನು ಆ ತುಂಡು ತುಂಡು ಸಂಖ್ಯೆಯಾಗಿ ಬದಲಿಸುವ ನುಡಿ ತಂತ್ರಾಂಶ ವಿಂಡೋಸ್‌ನದು. ಲಿನಕ್ಸ್‌ನಲ್ಲಿ ಅದೇ ಕಗಪ ಕೀಲಿಮಣೆ ಸಿಗುತ್ತದೆ, ಬೆರಳಿಗೆ ಹೊಸದು ಕಲಿಯುವ ಕಷ್ಟವಿಲ್ಲ, ಆದರೆ ಅದು ಬರೆಯುವುದು ಯೂನಿಕೋಡ್. ಒಳ್ಳೆಯದೇ ಆಯಿತು ಎಂದುಕೊಂಡೆವು.

ಆರನೇ ದಿನ, ಶುಕ್ರವಾರ. ಸಂಜೆ ಒಂದು ಹಳ್ಳಿಗೆ ಹೋಗಿ ಬಂದಿದ್ದೆವು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ಏಳು ತಿಂಗಳಿಂದ ಪಿಂಚಣಿ ನಿಂತಿತ್ತು. ಒಂದು ದಾಖಲೆಯಲ್ಲಿ ಹೆಸರು ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ. ಒಂದು ಒತ್ತಕ್ಷರದ ವ್ಯತ್ಯಾಸ. ಮಾತ್ರೆ ತರಲು ಮಗನ ಮುಂದೆ ಕೈ ಚಾಚುವುದು ಅವರಿಗೆ ಕಷ್ಟವಾಗಿತ್ತು. 'ಪೇಪರ್‌ನ್ಯಾಗ ಬಂದ್ರ ಸಾಹೇಬ್ರು ನೋಡ್ತಾರೇನೊ' ಎಂದು ನಮ್ಮ ಕೈ ಹಿಡಿದು ಹೇಳಿದರು. ಬಂದವರೇ ಬರೆದು, ಫೋಟೊ ಸೇರಿಸಿ ಮೇಲ್ ಕಳಿಸಿ, ನಾಟಕವೊಂದರ ಸುದ್ದಿಗೆ ಇನ್ನೊಂದು ಊರಿಗೆ ಬೈಕ್ ಹತ್ತಿದೆವು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ.

ಡೆಸ್ಕ್‌ನಲ್ಲಿ ವರದಿಯನ್ನು ಪುಟಕ್ಕೆ ಹಾಕಿದಾಗ ಬಂದದ್ದು ಬರೀ ಪ್ರಶ್ನಾರ್ಥಕ ಚಿಹ್ನೆ, ಮೊದಲ ಸಾಲಿನಿಂದ ಕಡೇ ಸಾಲಿನ ತನಕ. ಅವರು ಮೂರು ಸಲ ಫೋನ್ ಮಾಡಿದ್ದರು. ಪುಟ ಮುಗಿಸುವ ಹೊತ್ತು. ಆ ಜಾಗಕ್ಕೆ ಬೇರೆ ಸುದ್ದಿ ಹೋಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಜ್ಜಿಯ ಮಗ ಪತ್ರಿಕೆ ಹಿಡಿದು ನಮ್ಮ ಕೋಣೆಗೆ ಬಂದ. ನಾಲ್ಕೂ ಕಡೆ ತಿರುವಿ ನೋಡಿದ್ದ. 'ಯಾವ ಪೇಜಿನ್ಯಾಗ ಐತ್ರಿ?' ಎಂದು ಕೇಳಿದ. ನಾವು ಯೂನಿಕೋಡ್, ಫಾಂಟ್ ಎಂದು ಏನು ಹೇಳುವುದು? 'ನಾಳೆ ಬರತೈತಿ' ಎಂದೆವು. ಒಂದು ಅಕ್ಷರ ತಪ್ಪಿ ಪಿಂಚಣಿ ಕಳೆದುಕೊಂಡವರ ಸುದ್ದಿ, ಅಕ್ಷರ ತಪ್ಪಿಯೇ ಪತ್ರಿಕೆಯಲ್ಲೂ ಬರಲಿಲ್ಲ. ಅವತ್ತು ಊಟ ಸೇರಲಿಲ್ಲ.

ಮುಂದಿನ ಎರಡು ದಿನ ಡಿಟಿಪಿ ಅಂಗಡಿಗೆ ಹೋಗಿ ಅವರ ವಿಂಡೋಸ್‌ನಲ್ಲಿ ನುಡಿಯಲ್ಲಿ ಟೈಪ್ ಮಾಡಿ ಕಳಿಸಿದೆವು. ಒಂಬತ್ತನೇ ದಿನ ಅದೇ ಅಂಗಡಿಯವರ ಕೈಯಿಂದಲೇ ನಮ್ಮ ಯಂತ್ರಕ್ಕೆ ಮತ್ತೆ ವಿಂಡೋಸ್ 10 ಹಾಕಿಸಿದೆವು.

ಆ ದಿನ ಅಂಗಡಿಯವರು ಹೇಳಿದ ಮಾತು ನಮಗೆ ನೆನಪಿದೆ. ಅವರು ಇಪ್ಪತ್ತು ವರ್ಷದಿಂದ ಮದುವೆ ಕರೆಯೋಲೆ, ಜಾತ್ರೆ ಕರಪತ್ರ, ಬ್ಯಾನರ್ ಮಾಡಿದವರು. 'ನಾ ಲಿನಕ್ಸ್ ಕಲೀಲಿಕ್ಕೆ ತಯಾರಿದೀನಿ. ನನ್ನ ಗಿರಾಕಿ, ನನ್ನ ಪ್ರೆಸ್ಸು, ನನ್ನ ಫೈಲು ತಯಾರಿರಬೇಕಲ್ಲ' ಎಂದರು.

ಅವರ ಅಂಗಡಿಯನ್ನೇ ನೋಡಿ. ಹೋದ ವರ್ಷದ ಜಾತ್ರೆಯ ಕರಪತ್ರ ತೆರೆದು ದಿನಾಂಕ ಬದಲಿಸಿದರೆ ಈ ವರ್ಷದ್ದು ಸಿದ್ಧ. ಆ ಫೈಲ್ ಪೇಜ್‌ಮೇಕರ್‌ನದು. ಬ್ಯಾನರ್ ಕೋರೆಲ್ ಡ್ರಾದಲ್ಲಿ. ಪಕ್ಕದ ಗೊಬ್ಬರದ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿ, ಅದು ವಿಂಡೋಸ್‌ನದು, ಅವರ ಆಡಿಟರ್ ಕೇಳುವುದೂ ಅದನ್ನೇ. ಆಚೆ ಸೇವಾ ಕೇಂದ್ರದವರ ಬೆರಳಚ್ಚು ಯಂತ್ರದ ಜೊತೆ ಬಂದ ಸಿಡಿಯಲ್ಲಿ ಇದ್ದದ್ದು ವಿಂಡೋಸ್ ಡ್ರೈವರ್ ಒಂದೇ. ಹುಡುಗ ವೈನ್ ಎಂಬ ತಂತ್ರಾಂಶದಿಂದ ಲಿನಕ್ಸ್ ಒಳಗೇ ಪೇಜ್‌ಮೇಕರ್ ಓಡಿಸಿ ತೋರಿಸಿದ್ದ. ಒಮ್ಮೆ ತೆರೆಯಿತು, ಇನ್ನೊಮ್ಮೆ ಅರ್ಧಕ್ಕೆ ನಿಂತಿತು. ಗಿರಾಕಿ ಎದುರು ನಿಂತಿರುವಾಗ ಅರ್ಧಕ್ಕೆ ನಿಲ್ಲುವುದನ್ನು ಯಾರು ನಂಬುತ್ತಾರೆ?

ನಮ್ಮ ಜಿಲ್ಲೆಯಲ್ಲಿ ಗೋವಿನಜೋಳ ಹೆಚ್ಚು. ಯಾರಾದರೂ ಒಬ್ಬ ರೈತ ಬೇರೆ ಬೆಳೆ ಹಾಕುತ್ತೇನೆ ಅಂದರೆ ಅವನಿಗೆ ಬೆಳೆಯಲು ಬರುವುದಿಲ್ಲ ಎಂದಲ್ಲ. ಬೀಜದ ಅಂಗಡಿ, ಒಕ್ಕುವ ಯಂತ್ರ, ಬಾಗಿಲಿಗೆ ಬರುವ ಲಾರಿ ಎಲ್ಲ ಗೋವಿನಜೋಳಕ್ಕೇ ಹೊಂದಿಕೊಂಡಿವೆ. ಒಬ್ಬನ ನಾಲ್ಕು ಚೀಲ ಸಿರಿಧಾನ್ಯಕ್ಕೆ ಲಾರಿ ಬರುವುದಿಲ್ಲ. ಕಂಪ್ಯೂಟರ್‌ನ ಸಂಗತಿಯೂ ಇದೇ ಎಂದು ನಮಗೆ ಅರ್ಥವಾದದ್ದು ಆ ಒಂಬತ್ತು ದಿನದಲ್ಲಿ. ನಮ್ಮನ್ನು ಹಿಡಿದಿಟ್ಟದ್ದು ಕಲಿಯಲಾರದ ಸೋಮಾರಿತನ ಅಲ್ಲ, ಎದುರು ತುದಿಯಲ್ಲಿ ಫೈಲ್ ತೆರೆಯುವವರ ಯಂತ್ರ.

ಇನ್ನೊಂದು ಹೆದರಿಕೆಯೂ ಇದೆ, ಅದನ್ನು ಒಪ್ಪಿಕೊಳ್ಳಬೇಕು. ವಿಂಡೋಸ್ ಕೆಟ್ಟರೆ 'ಕಂಪ್ಯೂಟರ್ ಕೆಟ್ಟಿದೆ' ಎನ್ನುತ್ತಾರೆ. ಲಿನಕ್ಸ್ ಕೆಟ್ಟರೆ 'ನೀನೇ ಏನೋ ಹಾಕಿ ಕೆಡಿಸಿದಿ' ಎನ್ನುತ್ತಾರೆ. ಊರಿನಲ್ಲಿ ರಿಪೇರಿ ಮಾಡುವ ಮೂವರಿಗೂ ಬರುವುದು ವಿಂಡೋಸ್. ಹುಬ್ಬಳ್ಳಿಯ ಹುಡುಗನಿಗೆ ಪರೀಕ್ಷೆ ಇದ್ದರೆ ನಮಗೆ ದಿಕ್ಕಿಲ್ಲ.

ದೊಡ್ಡ ಊರಿನವರಿಗೂ ಇದು ಸುಲಭವಾಗಿಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿತು. ಸುಮಾರು 15 ಸಾವಿರ ಕಂಪ್ಯೂಟರ್‌ಗಳ ಕೆಲಸ, ಹತ್ತು ವರ್ಷ ಹಿಡಿಯಿತು. 2017ರಲ್ಲಿ ಅದೇ ನಗರಸಭೆ ಮತ್ತೆ ವಿಂಡೋಸ್‌ಗೆ ಮರಳಲು ಮತ ಹಾಕಿತು. ಅಲ್ಲಿ ಕೇಳಿಬಂದ ದೂರುಗಳಲ್ಲಿ ಬೇರೆಯವರ ಜೊತೆ ಕಡತ ಹಂಚಿಕೊಳ್ಳುವ ತೊಂದರೆಯೂ ಒಂದು. ಅದನ್ನು ಓದಿದಾಗ ನಮಗೆ ಸ್ವಲ್ಪ ಸಮಾಧಾನವೇ ಆಯಿತು.

ನಮ್ಮ ಪಕ್ಕದ ಕೇರಳದಲ್ಲಿ ಬೇರೆ ಥರ ನಡೆದಿದೆ. ಅಲ್ಲಿನ ಸರ್ಕಾರಿ ಶಾಲೆಗಳು ಬಹಳ ಹಿಂದೆಯೇ ಲಿನಕ್ಸ್‌ಗೆ ಬಂದವು, ಈಗಲೂ ಅದರಲ್ಲೇ ಇವೆ. ಅಲ್ಲಿ ಒಬ್ಬ ಮೇಷ್ಟ್ರು ಒಂಟಿಯಾಗಿ ಬದಲಾಗಲಿಲ್ಲ. ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ಪಠ್ಯಪುಸ್ತಕ ಅದಕ್ಕೆ ತಕ್ಕಂತೆ ಬರೆದರು, ಪರೀಕ್ಷೆಯೂ ಅದರಲ್ಲೇ. ಮಲಯಾಳಂ ಬರೆಯುವ ವ್ಯವಸ್ಥೆ ಸೇರಿಸಿ ಶಾಲೆಗಳಿಗೆಂದೇ ಒಂದು ಲಿನಕ್ಸ್ ಕಟ್ಟಿಕೊಟ್ಟರು. ಎಲ್ಲ ತುದಿಯೂ ಒಟ್ಟಿಗೆ ಬದಲಾಯಿತು.

ಅಷ್ಟು ದೂರ ಯಾಕೆ, ನಿಮ್ಮ ಕೈಯಲ್ಲಿರುವ ಫೋನನ್ನೇ ನೋಡಿ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮೂರಲ್ಲಿ ಹೆಚ್ಚಿನವರ ಜೇಬಲ್ಲಿ ಬಟನ್ ಫೋನ್ ಇತ್ತು. ಮೊದಮೊದಲ ಸ್ಮಾರ್ಟ್‌ಫೋನ್‌ನಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ಆಮೇಲೆ ಕನ್ನಡ ಸರಿಯಾಗಿ ಕಂಡಿತು, 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಊರಿಗೆ ಊರೇ ಆಂಡ್ರಾಯ್ಡ್‌ಗೆ ಬಂತು. ಆಂಡ್ರಾಯ್ಡ್ ಕೂಡ ಒಂದು ಆಪರೇಟಿಂಗ್ ಸಿಸ್ಟಂ. ಅದರ ತಿರುಳು ಲಿನಕ್ಸೇ. ಕುರಿ ಕಾಯುವ ಅಣ್ಣನೂ ಬದಲಾದ, ಯಾರೂ ಕ್ಲಾಸ್ ತೆಗೆದುಕೊಳ್ಳಲಿಲ್ಲ. ಮಗ ವಿಡಿಯೊ ಕಾಲ್ ಮಾಡುತ್ತಾನೆ ಅನ್ನುವ ಲಾಭ ಕಣ್ಣೆದುರು ಇತ್ತು. ಕೇಳಿದರೆ ತೋರಿಸಿಕೊಡುವವರು ಪಕ್ಕದ ಕಟ್ಟೆಯಲ್ಲೇ ಇದ್ದರು. ಹಳೇ ಬಟನ್ ಫೋನಿನಲ್ಲಿ ಬಿಟ್ಟು ಬರಲಾಗದ ಗಂಟೂ ಇರಲಿಲ್ಲ.

ನಮ್ಮ ಗಂಟು ದೊಡ್ಡದಿತ್ತು. ಹನ್ನೆರಡು ವರ್ಷದ ವರದಿ, ಮೂರು ಸಾವಿರಕ್ಕೂ ಹೆಚ್ಚು ಫೈಲ್, ಎಲ್ಲ ಹಳೇ ಫಾಂಟ್‌ನಲ್ಲಿ. ವಿಂಡೋಸ್‌ಗೆ ಮರಳಿದ ಮೇಲೆ ನಾವು ಮಾಡಿದ ತೀರ್ಮಾನ ಇಷ್ಟೇ: ಮನೆ ಬದಲಿಸುವ ಮೊದಲು ಸಾಮಾನು ಕಟ್ಟಬೇಕು. ನಾವು ಉಲ್ಟಾ ಮಾಡಿದ್ದೆವು.

ಈಗ ದಿನಾ ರಾತ್ರಿ ಊಟದ ಮೇಲೆ ಇಪ್ಪತ್ತು ಮೂವತ್ತು ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸುತ್ತೇವೆ. ಅದಕ್ಕೆ ಪುಕ್ಕಟೆ ಪರಿವರ್ತಕಗಳಿವೆ. ಆದರೆ ಕಣ್ಣುಮುಚ್ಚಿ ನಂಬಬೇಡಿ. ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದೆ ಮುಂದೆ ಮಾಡುವಾಗ ಆಗಾಗ ಎಡವುತ್ತದೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಎಂದು ತಿಳಿದು ಏನೇನೋ ಮಾಡಿಬಿಡುತ್ತದೆ. ಜನರ ಹೆಸರು, ಸರ್ವೆ ನಂಬರ್, ಹಣದ ಮೊತ್ತ ಇರುವ ಸಾಲುಗಳನ್ನು ನಾವು ಹಳೆಯದರ ಜೊತೆ ಇಟ್ಟು ಓದುತ್ತೇವೆ. ಮೂಲ ಫೈಲ್ ಅಳಿಸುವುದಿಲ್ಲ.

ಕೆಲಸ ಶುರುವಾಗಿ ತಿಂಗಳಾದ ಮೇಲೆ ಒಂದು ಸಂಜೆ ವರದಾ ನದಿ ದಂಡೆಯ ಊರಿನವರೊಬ್ಬರು ಬಂದರು. 2019ರ ಆಗಸ್ಟ್ ನೆರೆಯಲ್ಲಿ ಅವರ ಮನೆ ಬಿದ್ದಿತ್ತು. ಯಾವುದೋ ದಾಖಲೆಗೆ ಆಗಿನ ಪೇಪರ್ ಕಟಿಂಗ್ ಬೇಕಿತ್ತು. ಮೊದಲೆಲ್ಲ ಇಂಥವರು ಬಂದರೆ 'ನಾಳೆ ಬರ್ರಿ' ಅನ್ನುತ್ತಿದ್ದೆವು, ಒಂದೊಂದೇ ಫೈಲ್ ತೆರೆದು ಹುಡುಕಬೇಕಿತ್ತು. ಹಳೇ ಫಾಂಟ್‌ನ ಫೈಲ್ ಒಳಗೆ ಕನ್ನಡದ ಪದ ಕೊಟ್ಟು ಹುಡುಕಲು ಬರುವುದಿಲ್ಲ, ಒಳಗೆ ಕನ್ನಡವೇ ಇಲ್ಲವಲ್ಲ. ಆ ವರ್ಷದ ಫೈಲ್‌ಗಳನ್ನು ಆಗಷ್ಟೇ ಬದಲಿಸಿ ಮುಗಿಸಿದ್ದೆವು. ಊರ ಹೆಸರು ಟೈಪ್ ಮಾಡಿದೆವು. ಹನ್ನೊಂದು ವರದಿ ಬಂದವು. ನಾಲ್ಕನೆಯದರಲ್ಲಿ ಬಿದ್ದ ಮನೆಗಳ ಪಟ್ಟಿ, ಅದರಲ್ಲಿ ಅವರ ತಂದೆಯ ಹೆಸರು, ಪ್ರಕಟವಾದ ದಿನಾಂಕ. ಅವರು ಪರದೆ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ತಂದೆ ಈಗಿಲ್ಲವಂತೆ.

ಬೆಂಬಲ ನಿಲ್ಲುತ್ತದೆ ಎಂಬ ಸೂಚನೆ ಎಷ್ಟು ಸಲ ಬಂದರೂ ನಾವು ಅಲುಗಾಡಿರಲಿಲ್ಲ. ಈ ಒಂದು ಸಂಜೆಯ ಮೇಲೆ ದಿನಕ್ಕೆ ಐವತ್ತು ಫೈಲ್ ಬದಲಿಸತೊಡಗಿದೆವು.

ಈಗಿನ ಸ್ಥಿತಿ ಹೀಗಿದೆ. ಬರೆಯುವುದೆಲ್ಲ ಯೂನಿಕೋಡ್‌ನಲ್ಲಿ. ವರ್ಡ್ ಬದಲು ಲಿಬ್ರೆ ಆಫೀಸ್ ರೂಢಿ ಮಾಡಿಕೊಂಡಿದ್ದೇವೆ, ಅದು ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಒಂದೇ ಥರ ಇದೆ. ಡೆಸ್ಕ್‌ಗೆ ಕಳಿಸುವ ಮೊದಲು ಪರಿವರ್ತಕದಲ್ಲಿ ಹಳೇ ಫಾಂಟ್‌ಗೆ ಇಳಿಸಿ, ತೆರೆದು ನೋಡಿ ಕಳಿಸುತ್ತೇವೆ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟಿದ್ದೇವೆ, ಚಾಲೂ ಮಾಡುವಾಗ ಯಾವುದು ಬೇಕೆಂದು ಕೇಳುತ್ತದೆ. ವಾರಕ್ಕೆ ನಾಲ್ಕು ದಿನ ಲಿನಕ್ಸ್‌ನಲ್ಲೇ ಕಳೆಯುತ್ತದೆ. ಪೇಜ್‌ಮೇಕರ್ ಫೈಲ್ ಬಂದ ದಿನ ವಿಂಡೋಸ್. ಡಿಟಿಪಿ ಅಂಗಡಿಯವರು ಬದಲಾಗಿಲ್ಲ, ಬದಲಾಗಿ ಎಂದು ನಾವು ಹೇಳುವುದೂ ಇಲ್ಲ. ಹೊಸ ಕರಪತ್ರಗಳನ್ನಾದರೂ ಯೂನಿಕೋಡ್‌ನಲ್ಲಿ ಮಾಡಿಡಿ ಎಂದಿದ್ದೇವೆ. ಎರಡು ಮಾಡಿದ್ದಾರೆ.

ಅಜ್ಜಿಯ ಸುದ್ದಿ ನಾಲ್ಕು ದಿನ ತಡವಾಗಿ, ಒಂದೇ ಕಾಲಂನಲ್ಲಿ, ಫೋಟೊ ಇಲ್ಲದೆ ಬಂತು. ಮಗ ಆ ಕಟಿಂಗ್‌ಗೆ ಪ್ಲಾಸ್ಟಿಕ್ ಹಾಕಿಸಿಕೊಂಡು ಕಚೇರಿಗೆ ಓಡಾಡಿದ. ಸಂಕ್ರಾಂತಿಯ ಮರುವಾರ ಅವರ ಖಾತೆಗೆ ಹಣ ಬಿತ್ತು. ಬಾಕಿ ತಿಂಗಳುಗಳದ್ದು ಇನ್ನೂ ಬರಬೇಕು. ಆ ವರದಿಯನ್ನು ನಾವು ಬರೆಯಬೇಕಿದೆ.

ನಿಮ್ಮಲ್ಲೂ ಹಳೇ ಯಂತ್ರ ಇದ್ದರೆ, ಲಿನಕ್ಸ್ ಹೇಗಿರುತ್ತದೆ ನೋಡಬೇಕು ಅನಿಸಿದರೆ, ಪೆನ್‌ಡ್ರೈವ್ ಹಾಕಿ ಏನೂ ಅಳಿಸದೆ ಹಾಗೇ ನಡೆಸಿ ನೋಡಬಹುದು. ತೆಗೆದರೆ ನಿಮ್ಮ ಹಳೇ ವಿಂಡೋಸ್ ಇದ್ದಲ್ಲೇ ಇರುತ್ತದೆ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಯಾವ ಯಾವ ಫೈಲ್ ಹಳೇ ಫಾಂಟ್‌ನಲ್ಲಿದೆ, ಅದನ್ನು ಯಾರಿಗೆ ಕಳಿಸುತ್ತೀರಿ, ಅವರು ಯಾವುದರಲ್ಲಿ ತೆರೆಯುತ್ತಾರೆ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾವು ಆ ಹಾಳೆ ಬರೆದದ್ದು ಹತ್ತನೇ ದಿನ.